ಹೊರಡುವ ದಿನ ಗೊತ್ತು ಮಾಡುವವರು ಯಾರು?

ನಿನ್ನೆ ರಾತ್ರಿ ಟಿವಿಯಲ್ಲಿ ಒಂದು ಚರ್ಚೆ ನೋಡಿದೆ. ಬೇರೆ ದೇಶಕ್ಕೆ ನುಗ್ಗಿದ ಸೈನ್ಯ ಯಾವಾಗ ವಾಪಸ್ ಬರಬೇಕು ಅನ್ನೋದು ವಿಷಯ. ಒಬ್ಬರು ಖರ್ಚಿನ ಲೆಕ್ಕ ಹೇಳಿದರು, ಇನ್ನೊಬ್ಬರು ಸತ್ತ ಸೈನಿಕರ ಲೆಕ್ಕ, ಮತ್ತೊಬ್ಬರು ಮುಂದಿನ ಚುನಾವಣೆಯ ಲೆಕ್ಕ. ಆ ಸೈನ್ಯ ಯಾರ ನೆಲದಲ್ಲಿ ಬೀಡುಬಿಟ್ಟಿದೆಯೋ ಅವರು ಏನಂತಾರೆ ಅಂತ ಕೊನೆಯವರೆಗೂ ಒಬ್ಬರೂ ಕೇಳಲಿಲ್ಲ. ನನ್ನನ್ನು ಬಲ್ಲವರಿಗೆ ಗೊತ್ತು, ಈ ವಿಷಯ ಬಂದರೆ ನನಗೆ ಸುಮ್ನೆ ಇರೋಕಾಗಲ್ಲ. ಸಿಟ್ಟು ಇನ್ನೂ ಇಳಿದಿಲ್ಲ. ಹೊರಡುವ ದಿನ ಗೊತ್ತು ಮಾಡಬೇಕಾದವರು ಆ ನೆಲದ ಜನ ಅನ್ನೋದು ನನ್ನ ಮಾತು.

ಅಫ್ಘಾನಿಸ್ತಾನವನ್ನೇ ನೋಡಿ. ಅಮೆರಿಕದ ಸೈನ್ಯ ಹೊರಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2020ರ ಫೆಬ್ರವರಿ 29ರಂದು, ಕತಾರಿನ ದೋಹಾದಲ್ಲಿ. ಸಹಿ ಹಾಕಿದವರು ಅಮೆರಿಕದವರು ಮತ್ತು ತಾಲಿಬಾನಿನವರು. ಕಾಬೂಲಿನ ಸರ್ಕಾರಕ್ಕೆ ಅಲ್ಲಿ ಕೂರಲು ಜಾಗವೇ ಇರಲಿಲ್ಲ. ಆದರೆ ಒಪ್ಪಂದದ ಪ್ರಕಾರ 5,000 ತಾಲಿಬಾನ್ ಕೈದಿಗಳನ್ನು ಬಿಡಬೇಕಾದವರು ಯಾರು? ಅದೇ ಕಾಬೂಲಿನ ಸರ್ಕಾರ! ಇದು ಯಾವ ನ್ಯಾಯ?

ಮುಂದಿನ ವರ್ಷ ಜುಲೈಯಲ್ಲಿ ಬಾಗ್ರಾಮ್ ವಾಯುನೆಲೆ ಖಾಲಿಯಾಯಿತು. ಸುಮಾರು ಇಪ್ಪತ್ತು ವರ್ಷ ಅಮೆರಿಕದವರ ದೊಡ್ಡ ನೆಲೆ ಅದು. ರಾತ್ರೋರಾತ್ರಿ ಕರೆಂಟ್ ತೆಗೆದು ಹೊರಟುಹೋದರು. ನೆಲೆಯನ್ನು ವಹಿಸಿಕೊಳ್ಳಬೇಕಿದ್ದ ಅಫ್ಘನ್ ಸೇನಾಧಿಕಾರಿಗೆ ವಿಷಯ ಗೊತ್ತಾಗಿದ್ದು ಅವರು ಹೋಗಿ ಎಷ್ಟೋ ಹೊತ್ತಾದ ಮೇಲೆ. ಅಷ್ಟರಲ್ಲಿ ಕಳ್ಳರು ಒಳಗೆ ನುಗ್ಗಿ ಸಿಕ್ಕಿದ್ದನ್ನು ದೋಚಿದ್ದರು. ಒಳಗೆ ಸಾಲುಸಾಲಾಗಿ ಕಾರು, ಟ್ರಕ್ಕುಗಳು ನಿಂತಿದ್ದವು, ಎಷ್ಟೋ ಗಾಡಿಗಳಿಗೆ ಕೀ ಇರಲಿಲ್ಲ. ಸಾವಿರಾರು ನೀರಿನ ಬಾಟಲಿಗಳಿದ್ದವು. ಇಪ್ಪತ್ತು ವರ್ಷ ಜೊತೆಯಲ್ಲಿ ಹೋರಾಡಿದವರಿಗೆ ಹೊರಡುವ ಗಳಿಗೆಯನ್ನೂ ಹೇಳಲಿಲ್ಲ. ಅಲ್ಲಿಂದ ಆರು ವಾರದಲ್ಲಿ, ಆಗಸ್ಟ್ 15ರಂದು, ಕಾಬೂಲ್ ಬಿತ್ತು. ಆಗ ಇಡೀ ಜಗತ್ತು ಅಫ್ಘನ್ ಸೈನಿಕರನ್ನು ಹೇಡಿಗಳು ಅಂದಿತು. ಅವರ ವಿಮಾನ, ಹೆಲಿಕಾಪ್ಟರ್‌ಗಳನ್ನು ರಿಪೇರಿ ಮಾಡುತ್ತಿದ್ದ ವಿದೇಶಿ ಗುತ್ತಿಗೆದಾರರು ಕೂಡ ಸೈನ್ಯದ ಹಿಂದೆಯೇ ಹೊರಟುಹೋಗಿದ್ದನ್ನು ಯಾರೂ ನೆನೆಯಲಿಲ್ಲ.

ಇದೇ ದೇಶದಿಂದ ಸೋವಿಯತ್ ಸೈನ್ಯ 1989ರ ಫೆಬ್ರವರಿ 15ರಂದು ಪೂರ್ತಿ ಹೊರಬಿದ್ದಿತ್ತು. ಸೋವಿಯತ್ ಬೆಂಬಲದಿಂದ ನಡೆಯುತ್ತಿದ್ದ ನಜೀಬುಲ್ಲಾ ಸರ್ಕಾರ ಕೆಲವೇ ತಿಂಗಳಲ್ಲಿ ಬೀಳುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದರು. ಅದು ಮೂರು ವರ್ಷ ನಿಂತಿತು. ಸೈನ್ಯ ಹೋದರೂ ಅಲ್ಲಿಂದ ದುಡ್ಡು, ಇಂಧನ, ಆಯುಧ ಬರುತ್ತಿತ್ತು. ಸೋವಿಯತ್ ಒಕ್ಕೂಟವೇ ಒಡೆದು ಆ ನೆರವು ನಿಂತುಹೋದ ಮೇಲೆ, 1992ರ ಏಪ್ರಿಲ್‌ನಲ್ಲಿ ಸರ್ಕಾರ ಬಿತ್ತು. ಹಾಗಾಗಿ ಸೈನ್ಯ ತೆಗೆದರೆ ಎಲ್ಲಾ ಮುಗಿದೇಹೋಯಿತು ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಸೈನ್ಯ ಹೋದ ಮೇಲೂ ಮಾಡಬೇಕಾದ್ದು ಬಹಳ ಇರುತ್ತದೆ, ಅದನ್ನು ಮಾಡುವ ಮನಸ್ಸು ಇರೋದಿಲ್ಲ.

ನಮ್ಮ ದೇಶದ್ದೇ ಎರಡು ಕಥೆಗಳಿವೆ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೈನ್ಯ ಶರಣಾಯಿತು. ಜನವರಿಯಲ್ಲಿ ಬಾಂಗ್ಲಾದೇಶದ ನಾಯಕ ಮುಜೀಬ್ ಪಾಕಿಸ್ತಾನದ ಸೆರೆಯಿಂದ ಬಿಡುಗಡೆಯಾಗಿ ಬಂದರು. ಫೆಬ್ರವರಿಯಲ್ಲಿ ಕಲ್ಕತ್ತಾದಲ್ಲಿ ಅವರೂ ಇಂದಿರಾ ಗಾಂಧಿಯವರೂ ಕೂತು ಮಾರ್ಚ್ 25ರೊಳಗೆ ಭಾರತದ ಸೈನ್ಯ ವಾಪಸ್ ಅಂತ ತೀರ್ಮಾನ ಮಾಡಿದರು. ಢಾಕಾ ಸ್ಟೇಡಿಯಮ್ಮಿನಲ್ಲಿ ಬೀಳ್ಕೊಡುಗೆಯ ಪೆರೇಡ್ ನಡೆದದ್ದು ಮಾರ್ಚ್ 12ಕ್ಕೇ. ಹೇಳಿದ ದಿನಕ್ಕಿಂತ ಮುಂಚೆ! ಇದನ್ನು ಓದುವಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ. ಗೆದ್ದ ಸೈನ್ಯ, ಆ ನೆಲದ ಜನ ಆರಿಸಿದ ನಾಯಕ ಕೇಳಿದ ಅಂತ, ಗೌರವದಿಂದ ಹೊರಟಿತು.

ಶ್ರೀಲಂಕಾದಲ್ಲಿ ಹೀಗಾಗಲಿಲ್ಲ. 1987ರ ಜುಲೈಯಲ್ಲಿ ಶಾಂತಿ ಕಾಯೋಕೆ ಅಂತ ಹೋದ ನಮ್ಮ ಸೈನ್ಯ ಅಕ್ಟೋಬರ್ ಹೊತ್ತಿಗೆ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ ಜೊತೆ ಯುದ್ಧಕ್ಕೆ ಇಳಿದಿತ್ತು. 1989ರಲ್ಲಿ ಅಧ್ಯಕ್ಷ ಪ್ರೇಮದಾಸ ಜುಲೈ ಮುಗಿಯೋದರೊಳಗೆ ಹೊರಡಿ ಅಂದರು. ನಾವು ಚೌಕಾಸಿಗೆ ಕೂತೆವು. ಕೊನೆಯ ತುಕಡಿ ಬಂದದ್ದು 1990ರ ಮಾರ್ಚ್‌ನಲ್ಲಿ. ಸುಮಾರು 1,200 ಸೈನಿಕರು ಪ್ರಾಣ ಕೊಟ್ಟಿದ್ದರು. ಮದ್ರಾಸಿಗೆ ಬಂದಿಳಿದಾಗ ಸ್ವಾಗತಿಸಲು ರಾಜ್ಯದ ಮುಖ್ಯಮಂತ್ರಿಯೂ ಹೋಗಲಿಲ್ಲ. ಸರ್ಕಾರಗಳು ಮಾಡಿದ ತಪ್ಪಿಗೆ ಆ ಹುಡುಗರು ತಲೆ ತಗ್ಗಿಸಿಕೊಂಡು ಬರಬೇಕಾಯಿತು ಅನ್ನೋದು ನನಗೆ ಇವತ್ತಿಗೂ ನೋವು.

'ಆ ನೆಲದ ಜನ ಅಂದರೆ ಯಾರು? ಬೊಂಬೆ ಸರ್ಕಾರವೂ ಜನವೇನಾ?' ಅಂತ ಕೇಳುತ್ತೀರಿ. ಪ್ರಶ್ನೆ ಸರಿಯಾಗೇ ಇದೆ. 1979ರಲ್ಲಿ ಅಫ್ಘಾನಿಸ್ತಾನವನ್ನು ಆಳುತ್ತಿದ್ದ ಹಫೀಜುಲ್ಲಾ ಅಮೀನ್ ತಾನೇ ಸೋವಿಯತ್ ಸೈನ್ಯವನ್ನು ಕೇಳಿಕೊಂಡಿದ್ದ. ಬಂದವರು ಅವನನ್ನೇ ಕೊಂದು ಬಬ್ರಕ್ ಕರ್ಮಾಲ್‌ನನ್ನು ಕೂರಿಸಿದರು. ಹಾಗೆ ಕೂರಿಸಿದವನು 'ಇರಿ' ಅಂದರೆ ಅದಕ್ಕೆ ಬೆಲೆಯಿಲ್ಲ. ಆದರೆ ಕೇಳೋದು ಕಷ್ಟ ಅಂತ ಕೇಳದೇ ಇರೋದಕ್ಕೆ ಇದು ನೆಪ ಆಗಬಾರದು ಅಲ್ವಾ?

'ಬೇಗ ಹೊರಟರೆ ರಕ್ತಪಾತ ಆಗುತ್ತೆ' ಅನ್ನುವವರು ನರಮೇಧ ನಡೆದ ಆಫ್ರಿಕಾದ ರುವಾಂಡದ ಹೆಸರು ಹೇಳುತ್ತಾರೆ. ನಾನೂ ಹೇಳುತ್ತೇನೆ. 1994ರ ಏಪ್ರಿಲ್‌ನಲ್ಲಿ ಅಲ್ಲಿನ ರಾಜಧಾನಿ ಕಿಗಾಲಿಯ ಒಂದು ತಾಂತ್ರಿಕ ಶಾಲೆಯಲ್ಲಿ ಸುಮಾರು 2,000 ಜನ ವಿಶ್ವಸಂಸ್ಥೆಯ ಬೆಲ್ಜಿಯನ್ ಸೈನಿಕರ ಆಸರೆ ಪಡೆದಿದ್ದರು. ಹೊರಗೆ ಕೊಲೆಗಾರರು ಕಾಯುತ್ತಿದ್ದರು. ಬಿಟ್ಟು ಹೋಗಬೇಡಿ ಅಂತ ಜನ ಅಂಗಲಾಚಿದರು. ಸೈನಿಕರು ಟ್ರಕ್ ಹತ್ತಿ ಹೊರಟರು. ಅಲ್ಲಿದ್ದವರಲ್ಲಿ ಬಹುಪಾಲು ಜನರನ್ನು ಅವತ್ತೇ ಕೊಂದರು. ಇದು ನನ್ನ ಮಾತಿಗೆ ವಿರುದ್ಧ ಅಂತ ನಿಮಗೆ ಅನಿಸುತ್ತದೆಯೇ? ನನಗೆ ಅನಿಸುವುದಿಲ್ಲ. ಅಲ್ಲೂ ಆ ಜನರ ಮಾತನ್ನು ಕೇಳಲಿಲ್ಲ. ಇರಿ ಅಂದಾಗ ಹೊರಟರು. ಬೇರೆ ಕಡೆ ಹೊರಡಿ ಅಂದರೆ ಕೂತೇ ಇರುತ್ತಾರೆ.

ಇರಾಕ್ ಸಂಸತ್ತು 2020ರ ಜನವರಿ 5ರಂದು ವಿದೇಶಿ ಸೈನ್ಯ ಹೊರಡಲಿ ಅಂತ ನಿರ್ಣಯ ಮಾಡಿತು. ಕುರ್ದ್ ಸದಸ್ಯರು, ಸುನ್ನಿ ಸದಸ್ಯರಲ್ಲಿ ಬಹುಪಾಲು ಜನ ಬಂದಿರಲಿಲ್ಲ, ನಿಜ. ಹಾಗಿದ್ದರೆ ಅವರನ್ನೂ ಸೇರಿಸಿಕೊಂಡು ಮಾತಾಡಬೇಕಿತ್ತು. ಅಲ್ಲಿ ಸೈನ್ಯ ಇಟ್ಟಿದ್ದ ಅಮೆರಿಕದ ಅಧ್ಯಕ್ಷ ಟ್ರಂಪ್ ಕೊಟ್ಟ ಉತ್ತರ ಏನು ಗೊತ್ತಾ? ನಮ್ಮನ್ನು ಹೊರಗೆ ಹಾಕಿದರೆ ಹಿಂದೆಂದೂ ಕಾಣದಂಥ ದಿಗ್ಬಂಧನ ಹೇರುತ್ತೇವೆ ಅಂತ. ಕಾಮೆಂಟಿನಲ್ಲಿ ನನ್ನ ಜೊತೆ ಜಗಳಕ್ಕೆ ಬರುವವರು ಬನ್ನಿ, ಮೊದಲು ಈ ಬೆದರಿಕೆ ಸರಿಯೋ ತಪ್ಪೋ ಹೇಳಿ, ಆಮೇಲೆ ಮಾತಾಡೋಣ.