ಬಂದೂಕಿಗೂ ಮೊದಲು ಭತ್ತದ ಲೆಕ್ಕ

ಆಫ್ರಿಕಾದ ಸ್ವಾತಂತ್ರ್ಯ ಹೋರಾಟಗಳೆಂದರೆ ಕಾಡು, ಗೆರಿಲ್ಲಾ, ಬಂದೂಕು ಅಷ್ಟೇ ಅಂದುಕೊಂಡವರು ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗಿನಿ-ಬಿಸಾವು ಕಡೆ ಒಮ್ಮೆ ನೋಡಬೇಕು. ಪೋರ್ಚುಗೀಸರ ವಿರುದ್ಧ ಅಲ್ಲಿ ಹೋರಾಟ ಕಟ್ಟಿದ ಅಮಿಲ್ಕಾರ್ ಕಬ್ರಾಲ್ ಓದಿದ್ದು ಕೃಷಿ ವಿಜ್ಞಾನ. ಅಧ್ಯಯನ ಮಾಡಿದ್ದು ಮಣ್ಣಿನ ಸವಕಳಿಯನ್ನು. 1952ರಲ್ಲಿ ಸರ್ಕಾರಿ ನೌಕರರಾಗಿ ಲಿಸ್ಬನ್‌ನಿಂದ ಬಿಸಾವುಗೆ ಬಂದರು. ಮರುವರ್ಷ ವಸಾಹತು ಸರ್ಕಾರವೇ ಅವರಿಗೆ ಕೃಷಿ ಗಣತಿ ಒಪ್ಪಿಸಿತು. ಎಲ್ಲಿ ಶೇಂಗಾ, ಎಲ್ಲಿ ಭತ್ತ, ಯಾವ ಜನಾಂಗದಲ್ಲಿ ನಾಯಕನ ಮಾತೇ ಕೊನೆ, ಯಾರಲ್ಲಿ ನಾಯಕನೇ ಇಲ್ಲ, ಇಷ್ಟನ್ನೂ ಅವರು ಸರ್ಕಾರದ ಖರ್ಚಿನಲ್ಲೇ ಊರೂರು ಸುತ್ತಿ ತಿಳಿದುಕೊಂಡರು. ಪೋರ್ಚುಗಲ್ ತನ್ನ ಗುಂಡಿ ತೋಡಿಕೊಂಡಿದ್ದು ಆ ವರ್ಷವೇ ಅಂತ ನನ್ನ ಲೆಕ್ಕ.

ಆದರೆ ಕಬ್ರಾಲ್ ಮತ್ತು ಸಂಗಡಿಗರ ಪಕ್ಷ (ಪಿಎಐಜಿಸಿ) ಶುರುವಿನಲ್ಲಿ ನಂಬಿದ್ದು ಪಟ್ಟಣವನ್ನು. 1959ರ ಆಗಸ್ಟ್ 3ರಂದು ಬಿಸಾವು ನಗರದ ಪಿಜಿಗಿಟಿ ಧಕ್ಕೆಯಲ್ಲಿ ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದವರ ಮೇಲೆ ಗುಂಡು ಹಾರಿತು. ಪಕ್ಷದ ಲೆಕ್ಕದಲ್ಲಿ ಸತ್ತವರು ಸುಮಾರು 50. ಆಮೇಲೆಯೇ ಹಳ್ಳಿಯ ದಾರಿ ಹಿಡಿದದ್ದು.

ಹಳ್ಳಿಗೆ ಹೋಗುವುದೂ ಸುಲಭವಿರಲಿಲ್ಲ. ಪೇಟೆಯ ಹುಡುಗ ಬಂದು ವಸಾಹತುಶಾಹಿಯ ಭಾಷಣ ಬಿಗಿದರೆ ಯಾವ ರೈತ ಕೇಳುತ್ತಾನೆ? ಅದಕ್ಕೇ ನೆರೆಯ ಗಿನಿ ದೇಶದ ರಾಜಧಾನಿ ಕೊನಾಕ್ರಿಯಲ್ಲಿ ತಾಲೀಮು ನಡೆಸಿದರು, ನಾಟಕದ ಹಾಗೆ: ಊರ ಹಿರಿಯನಿಗೆ ಹೇಗೆ ನಮಸ್ಕರಿಸಬೇಕು, ಯಾವ ಬಟ್ಟೆಯಲ್ಲಿ ಹೋಗಬೇಕು, ಮಾತನ್ನು ತೆರಿಗೆಯತ್ತ, ಶೇಂಗಾ ಬೆಲೆಯತ್ತ ಹೇಗೆ ತಿರುಗಿಸಬೇಕು. ನಾಯಕನ ಹಂಗಿಲ್ಲದ ಬಲಾಂಟಾ ಜನಾಂಗದ ರೈತರು ಬೇಗ ಜೊತೆಯಾದರು. ಫುಲಾ ಜನಾಂಗದ ನಾಯಕರಲ್ಲಿ ಬಹುಪಾಲು ಪೋರ್ಚುಗೀಸರ ಕಡೆಗೇ ನಿಂತರು. 1963ರ ಜನವರಿ 23ರ ಟೀಟೆ ಸೇನಾನೆಲೆಯ ದಾಳಿಗೆ ಮುಂಚೆ ವರ್ಷಗಟ್ಟಲೆ ನಡೆದದ್ದು ಈ ಮಾತುಕತೆಯೇ.

ಯುದ್ಧ ಶುರುವಾಗಿ ವರ್ಷ ತುಂಬುವಷ್ಟರಲ್ಲಿ ಒಳಗೇ ಹುಳುಕು. ಕೆಲವು ಕಮಾಂಡರ್‌ಗಳು ತಮ್ಮ ತಮ್ಮ ಸೀಮೆಗೆ ಪಾಳೇಗಾರರಾಗಿ ಜನರನ್ನೇ ಹಿಂಸಿಸತೊಡಗಿದ್ದರು. 1964ರ ಫೆಬ್ರವರಿಯಲ್ಲಿ ದಕ್ಷಿಣದ ಕಸಾಕಾದಲ್ಲಿ ಪಕ್ಷದ ಮಹಾಧಿವೇಶನ ಕರೆದು ವಿಚಾರಣೆ ನಡೆಸಿದರು. ಕೆಲವರಿಗೆ ಮರಣದಂಡನೆಯೂ ಆಯಿತು. ಈ ಕಠೋರತೆಯನ್ನು ಸಲೀಸಾಗಿ ಮೆಚ್ಚಲಾರೆ, ಆದರೆ ಅದಿಲ್ಲದೆ ಹಳ್ಳಿಗಳು ಕೈತಪ್ಪುತ್ತಿದ್ದವು. ಆಮೇಲೆ ಊರಿಗೊಂದು ಐವರ ಸಮಿತಿ, ಅದರಲ್ಲಿ ಕನಿಷ್ಠ ಇಬ್ಬರು ಹೆಂಗಸರು. ಜೊತೆಗೆ 'ಜನರ ಅಂಗಡಿ'. ಅಲ್ಲಿ ದುಡ್ಡಿನ ವ್ಯವಹಾರವಿಲ್ಲ: ರೈತ ಭತ್ತ ತಂದು ಬಟ್ಟೆ, ಉಪ್ಪು, ಸೋಪು ಒಯ್ಯುತ್ತಿದ್ದ, ಪೋರ್ಚುಗೀಸ್ ವ್ಯಾಪಾರಿ ಕೊಡುವುದಕ್ಕಿಂತ ಒಳ್ಳೆಯ ದರದಲ್ಲಿ. 1969ರಿಂದ ಸ್ವೀಡನ್ ಕೊಟ್ಟ ನೆರವು ಆಯುಧವಲ್ಲ, ಇಂಥ ದಿನಬಳಕೆಯ ಸಾಮಾನುಗಳೇ. ನನ್ನ ಮಟ್ಟಿಗೆ ಅಲ್ಲಿ ಸ್ವತಂತ್ರ ಸರ್ಕಾರ ಹುಟ್ಟಿದ್ದು ಈ ಅಂಗಡಿಗಳ ಗಲ್ಲಾದ ಹಿಂದೆ.

1973ರ ಜನವರಿ 20ರಂದು ಕೊನಾಕ್ರಿಯಲ್ಲಿ ಕಬ್ರಾಲ್ ಹತ್ಯೆಯಾಯಿತು, ಪಕ್ಷದವರ ಕೈಯಿಂದಲೇ. ಹೋರಾಟ ನಿಲ್ಲಲಿಲ್ಲ. ಮಾರ್ಚ್‌ನಿಂದ ಹೆಗಲ ಮೇಲಿಂದ ಹಾರಿಸುವ ಸೋವಿಯತ್ ಸ್ಟ್ರೆಲಾ ಕ್ಷಿಪಣಿಗಳು ಪೋರ್ಚುಗೀಸ್ ವಿಮಾನಗಳನ್ನು ಉರುಳಿಸತೊಡಗಿದವು. ಸೆಪ್ಟೆಂಬರ್ 24ರಂದು ಸ್ವಾತಂತ್ರ್ಯ ಘೋಷಣೆ. ಒಂದು ವರ್ಷದ ನಂತರ, ತನ್ನಲ್ಲೇ ಸೈನಿಕ ಕ್ರಾಂತಿಯಾದ ಮೇಲೆ, ಲಿಸ್ಬನ್ ಒಪ್ಪಿತು.

ಮುಂದಿನದೆಲ್ಲ ಕಬ್ರಾಲ್ ಇಲ್ಲದ್ದರಿಂದ ಕೆಟ್ಟಿತು ಅನ್ನುವವರಿದ್ದಾರೆ. ಅದು ಅರ್ಧ ಮಾತು. ಕರಾವಳಿಯ ಭತ್ತದ ಗದ್ದೆಗಳನ್ನು ಉಪ್ಪುನೀರಿನಿಂದ ಕಾಯುವುದು ಮಣ್ಣಿನ ಒಡ್ಡು. ಒಡ್ಡು ಒಡೆದರೆ ಗದ್ದೆಗೆ ಉಪ್ಪು ನುಗ್ಗುತ್ತದೆ. ಅದು ತೊಳೆದುಹೋಗಲು ಮಳೆಗಾಲಗಳೇ ಬೇಕು. ಬಾಂಬಿಗೆ ಒಡೆದ ಒಡ್ಡು ಕಟ್ಟಲು ಊರಿಗೆ ಊರೇ ಸೇರಬೇಕಿತ್ತು, ಆದರೆ ಆಳ್ವಿಕೆಯ ಗಮನವೆಲ್ಲ ಬಿಸಾವು ನಗರದ ಕಚೇರಿಗಳ ಮೇಲೆ. ಜನರ ಅಂಗಡಿ ಸರ್ಕಾರಿ ಏಕಸ್ವಾಮ್ಯದ ಮಳಿಗೆಯಾಯಿತು; ಕಪಾಟು ಖಾಲಿ, ಭತ್ತಕ್ಕೆ ಕೊಡುವ ದರ ಕಡಿಮೆ. ಕೊಳ್ಳಲು ಸಾಮಾನೇ ಇಲ್ಲದ ಅಂಗಡಿಗೆ ರೈತ ಭತ್ತ ಯಾಕೆ ಹೊರುತ್ತಾನೆ? 1980ರ ನವೆಂಬರ್ 14ರಂದು ಹಳೆಯ ಗೆರಿಲ್ಲಾ ಕಮಾಂಡರ್ ನಿನೋ ವಿಯೇರಾ, ಕಬ್ರಾಲರ ತಮ್ಮ ಲೂಯಿಸ್ ಕಬ್ರಾಲ್ ಸರ್ಕಾರವನ್ನು ಉರುಳಿಸಿದಾಗ, ರಾಜಧಾನಿಯಲ್ಲಿ ಅಕ್ಕಿಗೆ ಬರ ಬಂದಿತ್ತು.