ಸ್ಪಷ್ಟನೆ: ಮಿಯಾಮೊಟೊ ಸೆರೆಯಲ್ಲಿದ್ದದ್ದು 18 ವರ್ಷ ಅಲ್ಲ

ಜಪಾನ್ ಕಮ್ಯುನಿಸ್ಟ್ ಪಕ್ಷವನ್ನು ದಶಕಗಳ ಕಾಲ ಮುನ್ನಡೆಸಿದ ಕೆಂಜಿ ಮಿಯಾಮೊಟೊ 18 ವರ್ಷ ಜೈಲಿನಲ್ಲಿದ್ದರು ಎಂದು ನಾನು ಬರೆದ ಸಾಲು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ತಪ್ಪು. ಹತ್ತಿರ ಹತ್ತಿರ 18 ವರ್ಷ ಸೆರೆಯಲ್ಲಿದ್ದವರು 1928ರಲ್ಲಿ ಬಂಧಿತರಾದ, ಅದೇ ಪಕ್ಷದ ಇನ್ನೊಬ್ಬ ನಾಯಕ ಕ್ಯುಯಿಚಿ ತೊಕುದಾ. ಇಬ್ಬರೂ 1945ರ ಅಕ್ಟೋಬರ್‌ನಲ್ಲೇ ಹೊರಬಂದಿದ್ದರಿಂದ ನನಗೆ ಗೊಂದಲವಾಯಿತು.

ಮಿಯಾಮೊಟೊ ಬಂಧನವಾದದ್ದು 1933ರ ಡಿಸೆಂಬರ್‌ನಲ್ಲಿ. ಅಂದರೆ ಸುಮಾರು 12 ವರ್ಷ. ಕೊನೆಯ ಕೆಲವು ತಿಂಗಳು ಹೊಕ್ಕೈಡೊದ ಅಬಾಶಿರಿ ಜೈಲಿನಲ್ಲಿ. ಪತ್ನಿ, ಲೇಖಕಿ ಯುರಿಕೊ, ತಾವೂ ಮತ್ತೆ ಮತ್ತೆ ಬಂಧನಕ್ಕೊಳಗಾಗುತ್ತಲೇ ಅವರಿಗೆ ಪತ್ರ ಬರೆಯುತ್ತಿದ್ದರು. ಅಂಥ 12 ವರ್ಷವನ್ನು ಹಿಗ್ಗಿಸಿ ಹೇಳುವ ಅಗತ್ಯವೇ ಇಲ್ಲ.

ಆ ಸಂದೇಶಕ್ಕೆ ಆಮೇಲೆ ಸೇರಿಕೊಂಡ, ಮಿಯಾಮೊಟೊ ‘ಸಾಯುವವರೆಗೂ ನಾಯಕ’ ಎಂಬ ಮಾತೂ ಸರಿಯಲ್ಲ. 1958ರಲ್ಲಿ ಪ್ರಧಾನ ಕಾರ್ಯದರ್ಶಿಯಾದ ಅವರು 1997ರಲ್ಲಿ ನಿವೃತ್ತರಾದರು, ತೀರಿಕೊಂಡದ್ದು 2007ರಲ್ಲಿ.

ದಯವಿಟ್ಟು ಹಳೆಯ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.