ಮುಕ್ಕಿಗೆ ರೇಟು ಜಾಸ್ತಿ

ಹಾಸನದ ಸಾಲಗಾಮೆ ರಸ್ತೆಯ ಆಚೀಚೆ ಏಳುತ್ತಿರುವ ಹೊಸ ಮನೆಗಳ ಗೋಡೆಗಿರುವಷ್ಟು ಉಡುಪು ಮಾಗಿ ಚಳಿಯಲ್ಲಿ ನಮಗೂ ಇರುವುದಿಲ್ಲ. ಮೊದಲು ಇಟ್ಟಿಗೆ. ಅದು ಕಾಣಬಾರದೆಂದು ಸಿಮೆಂಟ್ ಗಾರೆ. ಗಾರೆ ಕಾಣಬಾರದೆಂದು ಪುಟ್ಟಿ, ಪುಟ್ಟಿ ಕಾಣಬಾರದೆಂದು ಬಣ್ಣ. ಇಷ್ಟೆಲ್ಲ ಮುಗಿದ ಮೇಲೆ, 'ನ್ಯಾಚುರಲ್ ಲುಕ್' ಬರಲಿ ಎಂದು ಇಟ್ಟಿಗೆ ಚಿತ್ರದ ಟೈಲ್ಸ್!

ಅಂಥದೊಂದು ಮನೆಯೆದುರು ಟೈಲ್ಸ್ ಡಬ್ಬ ಬಿಚ್ಚುವುದನ್ನು ನಿಂತು ನೋಡಿದೆ. ದಪ್ಪ ಅರ್ಧ ಇಂಚೂ ಇಲ್ಲ. ಮೂಲೆ ಅಲ್ಲಲ್ಲಿ ಮುಕ್ಕು, ನಡುವೆ ಸುಟ್ಟು ಕಪ್ಪಾದಂಥ ಕಲೆ. ಲಾರಿಯವನು ಎತ್ತಿಹಾಕಿರಬೇಕು ಎಂದುಕೊಂಡೆ. ಅಲ್ಲವಂತೆ, ಕಾರ್ಖಾನೆಯಲ್ಲೇ ಮುಕ್ಕು ಮಾಡಿ ಕಳಿಸುತ್ತಾರಂತೆ. ಮುಕ್ಕಿಗೆ ರೇಟು ಜಾಸ್ತಿ. ಪಕ್ಕದಲ್ಲೇ ನಿಜವಾದ ಇಟ್ಟಿಗೆಯ ಒಂದು ರಾಶಿ ಬಿದ್ದಿತ್ತು. ಮುಕ್ಕಾಗಿದೆಯೆಂದು ಯಜಮಾನರು ಗೂಡಿಗೆ ವಾಪಸ್ ಕಳಿಸಲು ತೆಗೆದಿಟ್ಟಿದ್ದು.

ಸಂದಿಗಷ್ಟೇ ಗಾರೆ ತುಂಬಿ ಪಾಯಿಂಟಿಂಗ್ ಮಾಡಿ ಇಟ್ಟಿಗೆ ಹಾಗೇ ಬಿಡೋಣ ಎಂದು ಮೇಸ್ತ್ರಿ ಹೇಳಿ ನೋಡಿದ್ದನಂತೆ. "ಗಾರೆ ಮಾಡಿಸೋಕೆ ದುಡ್ಡಿಲ್ಲ ಅಂದ್ಕೋತಾರೆ ಕಣಯ್ಯಾ" ಎಂದು ಬಾಯಿ ಮುಚ್ಚಿಸಿದರಂತೆ.

ಇದೇ ಯಜಮಾನರು 'ಬೇಕರ್ ಸ್ಟೈಲ್' ಎನ್ನುತ್ತಾರೆ. (ಬೇಕರಿಗೆ ಹೆಸರಾದ ಜಿಲ್ಲೆ ನಮ್ಮದು, ಹೆಸರು ಬೇಗ ಬಾಯಿಗೆ ಬರುತ್ತದೆ.) 1917ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟಿಸಿದರು. ಕಾಲುಭಾಗದಷ್ಟು ಇಟ್ಟಿಗೆ ಉಳಿಯಿತು, ಟೊಳ್ಳಿನೊಳಗಿನ ಗಾಳಿ ಬಿಸಿಲಿನ ಕಾವು ತಡೆಯಿತು, ಗಾರೆಯ ಖರ್ಚು ಇಲ್ಲವೇ ಇಲ್ಲ. ಇದರಲ್ಲಿ ನಮ್ಮವರು ಎತ್ತಿಕೊಂಡಿದ್ದು ಬಣ್ಣ ಮಾತ್ರ.

ಇಟ್ಟಿಗೆ ನೀರು ಕುಡಿಯುತ್ತದೆ ಎಂಬ ತಕರಾರು ಸುಳ್ಳಲ್ಲ. 24 ಗಂಟೆ ನೆನೆಸಿಟ್ಟ ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇ. 20ರವರೆಗೆ ನೀರು ಹೀರಬಹುದೆಂದು ಇಟ್ಟಿಗೆಯ ಭಾರತೀಯ ಮಾನದಂಡ ಐಎಸ್ 1077 ತಾನೇ ಒಪ್ಪಿಕೊಂಡಿದೆ. ಸಕಲೇಶಪುರದ ಮಳೆಗೆ ಬರೀ ಗೋಡೆ ಒಡ್ಡಿದರೆ ಪಾಚಿ ಗ್ಯಾರಂಟಿ. ಅದಕ್ಕೇ ಹಳಬರು ಸೂರನ್ನು ಉದ್ದಕ್ಕೆ ಚಾಚುತ್ತಿದ್ದರು. ಈಗ ಸೂರು ಚಾಚಿದರೆ ಡಬ್ಬದಂಥ ಮುಂಭಾಗದ 'ಬಾಕ್ಸ್ ಎಲಿವೇಷನ್' ಕೆಡುತ್ತದಲ್ಲ!

ಸರ್ಕಾರಿ ಕಚೇರಿಗಳ ಜಾಣತನ ಇದನ್ನೂ ಮೀರಿದ್ದು. ಇಟ್ಟಿಗೆಯ ಕಾಂಪೌಂಡಿಗೆ ಗಾರೆ, ಗಾರೆಗೆ ಇಟ್ಟಿಗೆ ಬಣ್ಣ, ಬಣ್ಣದ ಮೇಲೆ ಬಿಳಿ ಗೆರೆ. ಬಿಲ್ಲು ಮೂರು. ಗೆರೆ ಎಳೆಯುವವನ ಕೈ ಊಟದ ನಂತರ ಸಡಿಲಾಗಿ, ಗೇಟಿನ ಬಳಿ ಒಂದೊಂದು ಇಟ್ಟಿಗೆಯೂ ಎರಡಡಿ ಉದ್ದ.

ಇನ್ನು ಶೆಟ್ಟಿಹಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತ, ಗಾರೆ ಕಳಚಿ ಇಟ್ಟಿಗೆ ತೋರಿಸುತ್ತ ನಿಂತಿದೆ. ಮನೆಯಲ್ಲಿ ಒಂದು ಬರೀ ಇಟ್ಟಿಗೆ ಕಂಡರೆ ಮಾನ ಹೋಯಿತೆನ್ನುವವರ ಮಕ್ಕಳೆಲ್ಲ ಮದುವೆಗೆ ಮುಂಚೆ ಅಲ್ಲಿಗೇ ಹೋಗಿ, ಆ ಇಟ್ಟಿಗೆಗೇ ಒರಗಿ ಫೋಟೊ ತೆಗೆಸುತ್ತಾರೆ. ನಮ್ಮ ಯಜಮಾನರ ಮಗಳೂ ತೆಗೆಸಿದ್ದಾಳೆ. ಆ ಫೋಟೊವನ್ನೇ ಮೇಸ್ತ್ರಿಗೆ ತೋರಿಸಿ, "ಹಾಲ್‌ನ ಗೋಡೆ ಡಿಟ್ಟೋ ಹಿಂಗೇ ಬರ್ಬೇಕು" ಎಂದರು.

"ಹಂಗಾಗ್ಬೇಕು ಅಂದ್ರೆ ಡ್ಯಾಮ್ ಕಟ್ಟಿ ವರ್ಷಾವರ್ಷ ಮುಳುಗಿಸ್ಬೇಕು ಸಾರ್" ಎಂದ ಮೇಸ್ತ್ರಿ.

ಯಜಮಾನರು ಒಂದು ಗಳಿಗೆ ಲೆಕ್ಕ ಹಾಕಿದರು.

"ಸ್ಕ್ವೇರ್ ಫೀಟಿಗೆ ಎಷ್ಟಾಗುತ್ತೆ ಹೇಳು."